ಒಟ್ಲಿಗೆ ಹಾಕಿದ ಕಷಾಯ

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪನ ಜೊತೆ ಗದ್ದೆಗೆ ಇಳಿದ ದಿನದಿಂದ ಇವತ್ತಿನವರೆಗೆ ಬಿಸಿಲು ಏರುವ ತನಕ ಮಲಗಿದವನಲ್ಲ. ಹೆಮ್ಮರಗಾಲದ ಪಕ್ಕದಲ್ಲಿ ನಮ್ಮ ಜಮೀನಿದೆ, ಅದರಲ್ಲಿ ಒಂದು ಬೋರ್‌ವೆಲ್ ಇದೆ. ಬೆಳೆಗೆ ಹುಳ ಬಿತ್ತು, ಎಲೆ ಮುದುಡಿತು ಎಂದರೆ ಸುತ್ತಲಿನ ನಾಲ್ಕಾರು ಊರಿನವರು ಖಾಲಿ ಬಾಟಲಿ ಹಿಡಿದು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಬರುವುದು ನನ್ನ ಕಷಾಯಕ್ಕೆ.

ಲಕ್ಕಿ, ಎಕ್ಕ, ಬೇವು, ಆಡುಸೋಗೆ, ಉಮ್ಮತ್ತಿ. ಈ ಐದು ಸೊಪ್ಪನ್ನು ಕೊಚ್ಚಿ ಅಲ್ಯೂಮಿನಿಯಂ ಹಂಡೆಗೆ ತುಂಬಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ಆರಿದ ಮೇಲೆ ಹಳೇ ಪಂಚೆಯಲ್ಲಿ ಸೋಸಿ ನೀಲಿ ಡ್ರಮ್ಮಿಗೆ ಹಾಕಿಟ್ಟರೆ ಆಯಿತು. ಬಣ್ಣ ಕಾಫಿ ಡಿಕಾಕ್ಷನ್ನಿನದು. ವಾಸನೆ ತಡೆಯಲಾಗದೆ ಆ ದಿನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಬೆಳೆಗೆ ಹೊಡೆಯುವಾಗ ಒಂದು ಕ್ಯಾನು ನೀರಿಗೆ ಒಂದು ಚೊಂಬು. ಕೃಷಿ ಇಲಾಖೆಯ ಸಾಹೇಬರೊಬ್ಬರು ಒಮ್ಮೆ ಬಂದು ನೋಡಿ, "ಒಳ್ಳೇ ಕೆಲಸ ಯಜಮಾನ್ರೇ" ಎಂದು ಹೇಳಿಹೋಗಿದ್ದರು. ಆ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ನೆನಪಿಲ್ಲ.

ಅಕ್ಕನನ್ನು ಕೊಟ್ಟಿರುವುದು ಟಿ. ನರಸೀಪುರದ ಆಚೆಗೆ, ತಲಕಾಡಿನ ಬಸ್ಸು ಹೋಗುವ ದಾರಿಯ ಒಂದು ಊರಿಗೆ. ಭಾವನಿಗೆ ಮಂಡಿನೋವು, ಕೆಸರಿಗೆ ಇಳಿಯುವಂತಿಲ್ಲ. ಒಂದೆಕರೆ ಗದ್ದೆಯ ಕೆಲಸವೆಲ್ಲ ಅಕ್ಕನದೇ. ಅಲ್ಲಿ ನಾಲೆಗೆ ನೀರು ಬಿಡುವವರೆಗೆ ಅವಳ ಗದ್ದೆಯಲ್ಲಿ ಒದ್ದೆ ಮಣ್ಣು ಕಾಣುವುದಿಲ್ಲ. ಹಾಗಾಗಿ ಅವಳ ಒಟ್ಲು, ಅಂದರೆ ನಾಟಿಗೆ ಬೇಕಾದ ಪೈರು ಬೆಳೆಸುವ ಪಾತಿ, ಪ್ರತಿ ವರ್ಷ ನನ್ನ ಬೋರ್‌ವೆಲ್ಲಿನ ಕೆಳಗೇ ಆಗುತ್ತದೆ. ನಾಟಿಯ ದಿನ ಬೆಳಿಗ್ಗೆ ಪೈರು ಕಿತ್ತು, ಕಟ್ಟು ಕಟ್ಟಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ ಅವಳ ಗದ್ದೆಗೆ ಇಳಿಸುತ್ತೇನೆ.

ಆ ದಿನ ಯಾವುದು ಎಂಬುದನ್ನು ಬದಲಾಯಿಸುವ ಹಾಗಿಲ್ಲ. ಅಕ್ಕನ ಊರಿನಲ್ಲಿ ಹನ್ನೆರಡು ಮನೆಯ ಹೆಂಗಸರು ಮುಯ್ಯಾಳು ಮಾಡುತ್ತಾರೆ. ಹನ್ನೆರಡು ಜನವೂ ಸೇರಿ ಒಬ್ಬೊಬ್ಬರ ಗದ್ದೆ ನಾಟಿ ಮಾಡಿ ಮುಗಿಸುವುದು, ದಿನ ಬಿಟ್ಟು ದಿನ, ಸರದಿ ಪ್ರಕಾರ. ಕೂಲಿ ಇಲ್ಲ. ನೀನು ನನ್ನ ಗದ್ದೆಗೆ ಬಂದೆ, ನಾನು ನಿನ್ನ ಗದ್ದೆಗೆ ಬಂದೆ, ಅಷ್ಟೆ. ನಾನು ಈಗ ಹೇಳುವ ವರ್ಷ ಅಕ್ಕನದು ಆರನೇ ಸರದಿ. ಆ ದಿನ ಪೈರು ಇಲ್ಲದಿದ್ದರೆ ಹೆಂಗಸರು ಮುಂದಿನ ಗದ್ದೆಗೆ ಹೋಗುತ್ತಾರೆ. ಒಂದೆಕರೆಯನ್ನು ಅವಳೊಬ್ಬಳೇ ನೆಡಲು ಆಗುವುದಿಲ್ಲ. ಗದ್ದೆ ಬೀಳು ಬಿದ್ದ ಹಾಗೆಯೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೊಸ ಕೆಲಸಕ್ಕೆ ಕೈ ಹಾಕಿದೆ.

ನಮ್ಮವ್ವ ಭತ್ತ ಮೊಳಕೆ ಕಟ್ಟುವಾಗ ಬಿದಿರಿನ ಕುಕ್ಕೆಯ ತಳಕ್ಕೂ ಸುತ್ತಲೂ ಲಕ್ಕಿ ಸೊಪ್ಪು ಹಾಸುತ್ತಿದ್ದಳು. ನೆನೆದ ಭತ್ತವನ್ನು ಅದರ ಮೇಲೆ ಸುರಿದು, ಮತ್ತೆ ಮೇಲೆ ಸೊಪ್ಪು ಹೊದಿಸಿ ಕಲ್ಲು ಹೇರುತ್ತಿದ್ದಳು. ಸೊಪ್ಪಿನ ಕಾವಿಗೆ ಮೊಳಕೆ ಸಮನಾಗಿ ಒಡೆಯುತ್ತದೆ, ಹುಳವೂ ಹತ್ತಿರ ಸುಳಿಯುವುದಿಲ್ಲ. ಈಗ ಕುಕ್ಕೆ ಹೋಗಿ ಗೋಣಿಚೀಲ ಬಂದಿದೆ. ಸೊಪ್ಪು ಹಾಸುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಹಿಂದಿನ ವರ್ಷ ಒಟ್ಲಿನಲ್ಲೇ ಬೆಂಕಿ ರೋಗ ಕಾಣಿಸಿಕೊಂಡು ಎಲೆಯೆಲ್ಲ ಸುಟ್ಟ ಚುಕ್ಕೆ ಆಗಿತ್ತು. ಬಿತ್ತನೆಗೆ ಬೆರೆಸುವ ಪುಡಿಯೊಂದಿದೆ ಎಂದು ಅಂಗಡಿಯವನು ಹೇಳಿದ. ಪ್ಯಾಕೆಟ್ಟಿನ ಪುಡಿ ನನಗೇಕೆ, ಮನೆಯಲ್ಲಿ ಡ್ರಮ್ಮು ತುಂಬ ಔಷಧಿ ಇದೆ ಎಂದು ಬಂದುಬಿಟ್ಟೆ. ಬರೀ ಹಾಸಿದ ಸೊಪ್ಪೇ ಇಷ್ಟು ಕೆಲಸ ಮಾಡಿದರೆ, ಅದರ ಸಾರದಲ್ಲೇ ಭತ್ತ ನೆನೆಸಿದರೆ ರೋಗ ಬೀಜದಲ್ಲೇ ಸಾಯಬೇಕು. ಲೆಕ್ಕ ಸರಿಯಾಗಿಯೇ ಕಂಡಿತು. ನೀರು ಬೆರೆಸಿದರೆ ಅದರ ಬಲ ಕಡಿಮೆಯಾಗುತ್ತದೆ ಎಂದು ನೀರನ್ನೂ ಬೆರೆಸಲಿಲ್ಲ. ಡ್ರಮ್ಮಿನಿಂದ ಮೊಗೆದು ಹಂಡೆ ತುಂಬಿಸಿ, ಅಕ್ಕನ ಬಿತ್ತನೆ, ನನ್ನ ಬಿತ್ತನೆ ಎರಡನ್ನೂ ಒಂದು ರಾತ್ರಿ ಒಂದು ಹಗಲು ಮುಳುಗಿಸಿಟ್ಟೆ. ಆಮೇಲೆ ಎಂದಿನಂತೆ ಗೋಣಿಚೀಲದಲ್ಲಿ ಕಟ್ಟಿದೆ.

ಎರಡು ದಿನಕ್ಕೆ ಚೀಲ ಬಿಚ್ಚಿದಾಗ ಮೊಳಕೆ ಅರೆಬರೆ ಬಂದಿತ್ತು. ಹೆಂಡತಿ ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದಳು.

"ಅಲ್ಲ ಕಣ್ರೀ, ಬೇರ್ ತುದಿ ಕಂದೋಗದೆ ನೋಡಿ. ಬೆಳ್ಳಗಿರ್ಬೇಕಲ್ವಾ?"

"ಅದು ಔಸ್ದಿ ಬಣ್ಣ ಕಣಮ್ಮಿ."

"ಬಣ್ಣ ಆದ್ರೆ ಬೇರಿಗೆಲ್ಲ ಹಿಡೀಬೇಕು. ತುದಿ ಒಂದ್ಕೇ ಯಾಕೆ ಹಿಡೀತದೆ?"

"ಸುಮ್ಕಿರಮ್ಮಿ. ಭತ್ತ ನೀ ಬೆಳೀತಿಯೋ ನಾ ಬೆಳೀತೀನೋ?"

ಅವಳು ಕೈ ಕೊಡವಿ ಒಳಗೆ ಹೋದಳು. ನಾನು ಪಾತಿ ಮಟ್ಟ ಮಾಡಿ ಬಿತ್ತಿದೆ.

ಐದನೇ ದಿನಕ್ಕೆ ಹಸಿರು ಕಾಣಬೇಕಿತ್ತು. ಅಲ್ಲೊಂದು ಇಲ್ಲೊಂದು ಸೂಜಿಯ ಹಾಗೆ ಎದ್ದಿತ್ತು. ಎಂಟನೇ ದಿನಕ್ಕೆ ಎದ್ದಿದ್ದೂ ಹಳದಿ ತಿರುಗಿತು. ಒಂದನ್ನು ಕಿತ್ತು ನೋಡಿದರೆ ಬೇರು ಇರಲಿಲ್ಲ, ಬೇರು ಇರಬೇಕಾದ ಕಡೆ ಕಡ್ಡಿಯಂತಹ ಕಂದು ಮೊಂಡು ಇತ್ತು. ನಾನು ಪಾತಿಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಒಂದಾದ ಮೇಲೊಂದು ಇಪ್ಪತ್ತು ಕಿತ್ತಿರಬಹುದು. ಎಲ್ಲವೂ ಹಾಗೇ. ಆಗ ನನ್ನ ತಲೆಗೆ ಬಂದದ್ದು ಒಂದೇ ಮಾತು: ಬಿತ್ತನೆ ಮೋಸ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಅಂಗಡಿಯವ್ನು ಮೋಸ ಮಾಡವ್ನೆ ಕಣಕ್ಕ. ಹಳೇ ಬಿತ್ನೆ ಕೊಟ್ಟವ್ನೆ."

"ಅಯ್ಯೋ ನನ್ ಸರದಿ ಕಣ್ಲಾ ತಮ್ಮ!" ಎಂದಳು. "ಏನ್ಲಾ ಮಾಡದು ಈಗ?"

"ಬುಡಲ್ಲ ಅವುನ್ನ. ನೀ ಎದ್ರುಕೊಬ್ಯಾಡ."

ಮಾರನೇ ದಿನ ಸತ್ತ ಪೈರನ್ನು ಪೇಪರಿನಲ್ಲಿ ಸುತ್ತಿಕೊಂಡು ನಂಜನಗೂಡಿನ ಬಿತ್ತನೆ ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರು ಹೋಗುವವರೆಗೆ ಕಾಯಬೇಕಾಗಿತ್ತು, ಕಾಯಲಿಲ್ಲ. ಪೇಪರನ್ನು ಟೇಬಲ್ಲಿನ ಮೇಲೆ ಬಿಚ್ಚಿ, "ಏನ್ರೀ, ನೀವು ಕೊಟ್ಟಿದ್ದು ಬಿತ್ನೆನೋ ಜೊಳ್ಳೋ?" ಎಂದೆ.

ಅವನು ಸತ್ತ ಪೈರು ಎತ್ತಿ ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. "ಅಣ್ಣಾ, ಇದೇ ಲಾಟಿನ ಭತ್ತ ತಾಂಡವಪುರದವ್ರು ಮೂರ್ ಜನ ತಗೊಂಡೋಗವ್ರೆ. ಒಬ್ರೂ ತಕರಾರು ತಂದಿಲ್ಲ."

"ಅವ್ರದ್ದು ಅವ್ರಿಗೆ. ನನ್ ಒಟ್ಲು ಹೋಯ್ತಲ್ಲ?"

"ಚೀಲದಲ್ಲಿ ಉಳಿದಿರೋದು ಇದ್ಯಾ? ಒಂದ್ ಹಿಡಿ ತಟ್ಟೇಲಿ ನೆನೆ ಹಾಕಿ ನೋಡಿ. ನಾಲ್ಕು ದಿನಕ್ಕೆ ಮೊಳಕೆ ಬರ್ಲಿಲ್ಲ ಅಂದ್ರೆ ತಟ್ಟೆ ಸಮೇತ ಬನ್ನಿ, ಕಂಪ್ಲೇಂಟ್ ನಾನೇ ಬರ್ಕೊಡ್ತೀನಿ."

ಗಿರಾಕಿಗಳಲ್ಲಿ ಒಬ್ಬ ನಕ್ಕ ಹಾಗೆ ಕೇಳಿಸಿತು. ತಿರುಗಿ ನೋಡದೆ ಬಂದೆ.

ಚೀಲದ ತಳದಲ್ಲಿ ಎರಡು ಸೇರಿನಷ್ಟು ಭತ್ತ ಉಳಿದಿತ್ತು. ಊಟದ ಸ್ಟೀಲ್ ತಟ್ಟೆಯೊಂದಕ್ಕೆ ಹಳೇ ಪಂಚೆಯ ತುಂಡು ಹಾಸಿ, ಒಂದು ಹಿಡಿ ಭತ್ತ ಹರಡಿ, ನಾನು ಏನು ಮಾಡಿದೆ ಎಂದರೆ ಡ್ರಮ್ಮಿನ ಕಷಾಯವನ್ನೇ ಹುಯ್ದೆ. ನಾನು ಬಿತ್ತನೆ ನೆನೆಸಿದ್ದು ಅದರಲ್ಲಿ, ಪರೀಕ್ಷೆಯೂ ಅದರಲ್ಲೇ ಆಗಬೇಕಲ್ಲ ಎಂಬುದು ನನ್ನ ನ್ಯಾಯ. ತಟ್ಟೆಯನ್ನು ಜಗಲಿಯ ಮೂಲೆಗಿಟ್ಟು, ಯಾರೂ ಮುಟ್ಟಬಾರದೆಂದು ಹೇಳಿ ಕೆಲಸಕ್ಕೆ ಹೋದೆ.

ನಾಲ್ಕನೇ ದಿನ ತಟ್ಟೆ ಎತ್ತಿಕೊಂಡು ನಂಜನಗೂಡಿಗೆ ಹೊರಟೆ. ಭತ್ತದ ಮೂತಿ ಒಡೆದಿತ್ತು, ಅದಕ್ಕಿಂತ ಮುಂದೆ ಹೋಗಿರಲಿಲ್ಲ. ಬೇರಿನ ತುದಿ ಸುಟ್ಟ ಬೆಂಕಿಕಡ್ಡಿ. ನನ್ನ ಒಟ್ಲಿನಲ್ಲಿ ಆದದ್ದೇ ತಟ್ಟೆಯಲ್ಲೂ ಆಗಿದೆ, ಇನ್ನು ಅವನು ಹೇಗೆ ತಪ್ಪಿಸಿಕೊಳ್ಳುತ್ತಾನೆ ನೋಡೋಣ ಎಂದುಕೊಂಡು ಗಾಡಿ ಸ್ಟಾರ್ಟ್ ಮಾಡುತ್ತಿದ್ದಾಗ ಹೆಂಡತಿ ಹಿತ್ತಿಲಿನಿಂದ ಬಂದಳು. ಅವಳ ಕೈಯಲ್ಲೂ ಒಂದು ತಟ್ಟೆ.

"ಇದ್ನೂ ತಗೊಂಡೋಗಿ" ಎಂದಳು.

ಆ ತಟ್ಟೆಯಲ್ಲಿ ಒಂದೊಂದು ಭತ್ತವೂ ಬೆರಳುದ್ದ ಬಿಳೀ ಬೇರು ಬಿಟ್ಟಿತ್ತು. ಬೇರು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯನ್ನೇ ಹಿಡಿದುಕೊಂಡಿತ್ತು. ಮೇಲೆ ಹಸಿರು ಮೂತಿ.

"ಎಲ್ಲಿದಮ್ಮಿ ಈ ಭತ್ತ?"

"ಅದೇ ಚೀಲದ್ದು. ನೀವ್ ಹಾಕಿದ್ ದಿನವೇ ಹಾಕ್ದೆ. ಬರೀ ನೀರು."

ನಾನು ಎರಡೂ ತಟ್ಟೆಯನ್ನು ಜಗಲಿಯ ಮೇಲಿಟ್ಟು ಕುಳಿತೆ. ಗಾಡಿ ಹಾಗೇ ಗುಡುಗುಡು ಎನ್ನುತ್ತಿತ್ತು. ಅವಳೇ ಹೋಗಿ ಆಫ್ ಮಾಡಿದಳು. "ತಟ್ಟೆ ಎರಡೂ ನನಗ್ ವಾಪಸ್ ಬೇಕು, ಊಟದ್ದು" ಎಂದಳು, ಅಷ್ಟೆ.

ಆಮೇಲೆ ನಾನು ಇನ್ನೂ ಒಂದು ತಟ್ಟೆ ಹಾಕಿ ನೋಡಿದೆ, ಬೆಳೆಗೆ ಹೊಡೆಯುವ ಹಾಗೆ ನೀರು ಬೆರೆಸಿದ ಕಷಾಯದಲ್ಲಿ. ಅದರಲ್ಲೂ ಬೇರು ಗಿಡ್ಡ. ಬೆಳೆದು ನಿಂತ ಬದನೆ ಗಿಡ ಎಲೆಯ ಮೇಲೆ ತಡೆದುಕೊಳ್ಳುವುದನ್ನು ಕಣ್ಣು ಬಿಡದ ಮೊಳಕೆ ಮೈಯೆಲ್ಲ ಮುಳುಗಿ ತಡೆದುಕೊಳ್ಳಬೇಕು. ಹುಳ ಸಾಯುವಂಥದ್ದು ಅದರೊಳಗೆ ಏನಿದೆಯೋ ಅದಕ್ಕೆ ಹುಳ ಯಾವುದು, ಬೇರು ಯಾವುದು ಎಂಬುದು ತಿಳಿಯುವುದಿಲ್ಲ. ಅವ್ವ ಸೊಪ್ಪು ಹಾಸುತ್ತಿದ್ದಳು, ಕುದಿಸಿ ಕುಡಿಸುತ್ತಿರಲಿಲ್ಲ. ಇಷ್ಟನ್ನು ತಿಳಿಯಲು ನನಗೆ ಹೆಂಡತಿಯ ತಟ್ಟೆ ಬೇಕಾಯಿತು.

ಆದರೆ ಆ ಮೂರನೇ ತಟ್ಟೆಯ ಮಾತು ಆಮೇಲಿನದು. ಆ ದಿನ ಮೊದಲು ಮಾಡಿದ ಕೆಲಸವೆಂದರೆ ನಂಜನಗೂಡಿಗೆ ಹೋಗಿ ಅದೇ ಅಂಗಡಿಯಲ್ಲಿ ಮತ್ತೆ ಬಿತ್ತನೆ ತಂದದ್ದು. ಅಂಗಡಿಯವನು "ತಟ್ಟೆ ಏನಾಯ್ತಣ್ಣ?" ಎಂದು ಕೇಳಿದ. "ಅರ್ಜೆಂಟಾಗದೆ, ಆಮೇಲೆ ಹೇಳ್ತೀನಿ" ಎಂದೆ. ಆ ಆಮೇಲೆ ಬರಲು ಎರಡು ತಿಂಗಳು ಹಿಡಿಯಿತು. ಹೋಗಿ ಹೇಳಿದೆ, ಇತರ ಗಿರಾಕಿಗಳು ನಿಂತಿರುವಾಗಲೇ ಹೇಳಿದೆ. ಎರಡು ತಿಂಗಳು ಹಿಡಿಯಿತು ಎಂಬುದನ್ನೂ ಬರೆದಿಡುತ್ತಿದ್ದೇನೆ.

ಬರೀ ನೀರಿನಲ್ಲಿ ನೆನೆಸಿ, ಲಕ್ಕಿ ಸೊಪ್ಪು ಹಾಸಿ ಕಟ್ಟಿ, ಪಕ್ಕದ ಪಾತಿಯಲ್ಲಿ ಮತ್ತೆ ಬಿತ್ತಿದೆ. ಈ ಪೈರು ಅಕ್ಕನ ಸರದಿಯ ದಿನಕ್ಕೆ ಹತ್ತು ದಿನದ್ದಾಗಿರುತ್ತದೆ. ಹತ್ತು ದಿನದ ಪೈರನ್ನು ಕೀಳಲೂ ಆಗದು, ನೆಡಲೂ ಆಗದು.

ಅಕ್ಕನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾನು ಬಿತ್ನೆ ಮೋಸ ಅಂತ ಊರ್ಗೆಲ್ಲ ಯೋಳ್ಬುಟ್ನಲ್ಲೋ" ಎಂದಳು. "ಆ ಅಂಗ್ಡಿಯವ್ನ ನಮ್ಮೆಂಗುಸ್ರೆಲ್ಲ ಬಾಯಿಗೆ ಬಂದಂಗೆ ಬಯ್ದವ್ರೆ. ಈಗ ಏನಂತ ಯೋಳ್ಲಿ?"

"ನನ್ ಸರದಿನ ಕೊನೇಗೆ ಹಾಕಿ ಅಂತ ಕೇಳಕ್ಕ. ಅಷ್ಟೊತ್ಗೆ ಪೈರು ಬಂದಿರ್ತದೆ."

"ಆರ್ ಮನೆಯವ್ರು ಒಂದೊಂದ್ ಸರದಿ ಮುಂದಕ್ ಬರ್ಬೇಕು. ಯಾಕೆ ಅಂತಾರೆ. ನಾನ್ ಯೋಳಲ್ಲ ಕಣ್ಲಾ. ನೀನೇ ಬಂದು ಯೋಳು."

ಮಾರನೇ ದಿನ ಬೈಕಿನಲ್ಲಿ ಹೊರಟೆ. ಟಿ. ನರಸೀಪುರದ ಸೇತುವೆಯ ಹತ್ತಿರ ನಿಲ್ಲಿಸಿ ಟೀ ಕುಡಿದೆ. ಇನ್ನೊಂದು ಟೀಯನ್ನೂ ಕುಡಿದೆ. ಹೋಗುವಷ್ಟರಲ್ಲಿ ಹೆಂಗಸರು ಎರಡನೇ ಸರದಿಯವಳ ಗದ್ದೆಯಲ್ಲಿ ಸಾಲಾಗಿ ಬಗ್ಗಿದ್ದರು. ಅಕ್ಕ ಕೊನೆಯಲ್ಲಿದ್ದಳು, ತಲೆ ಎತ್ತಲಿಲ್ಲ. ಸರದಿ ನೋಡಿಕೊಳ್ಳುವ ಅಮ್ಮ, ಅರವತ್ತು ದಾಟಿದವರು, ಮೊದಲು ನನ್ನನ್ನು ಕಂಡರು. ಪ್ರತಿ ವರ್ಷ ಪೈರು ತರುವ ನನ್ನನ್ನು ಅಲ್ಲಿ ಎಲ್ಲರೂ ಬಲ್ಲರು. ಕಷಾಯದ ವಿಷಯವನ್ನೂ ಬಲ್ಲರು, ನಾನೇ ಹೇಳಿದ್ದೆ.

"ಓಹೋ, ಡಾಕುಟ್ರು ಬಂದ್ರು ಕಣ್ರವ್ವಾ! ಯಾರ್ಗೆ ಸೂಜಿ ಚುಚ್ಚಕ್ ಬಂದ್ರಿ ಸಾ?"

ಎಲ್ಲರೂ ನಕ್ಕರು. ನಾನು ಬದುವಿನ ಮೇಲೆ ಚಪ್ಪಲಿ ಬಿಟ್ಟು ನಿಂತೆ.

"ಅಮ್ಮಾ, ಬಿತ್ನೆ ಮೋಸ ಅಲ್ಲ. ಅಕ್ಕ ಯೋಳಿದ್ದು ನಾನ್ ಯೋಳ್ಕೊಟ್ಟ ಮಾತು. ಭತ್ತವ ನಾನೇ ಕಷಾಯದಲ್ಲಿ ನೆನೆ ಹಾಕ್ದೆ. ಬೇರು ಸುಟ್ಟೋಯ್ತು. ತಪ್ಪು ನಂದು."

ನಗು ನಿಂತಿತು. ಆ ಅಮ್ಮ ಸೊಂಟ ನೆಟ್ಟಗೆ ಮಾಡಿ ನಿಂತರು.

"ಅಲ್ಲಾ ಕಣಪ್ಪ, ಎಳೇ ಮಗೀಗೆ ಒಟ್ಟೆನೋವು ಅಂದ್ರೆ ಬಜೆ ತೇದು ಒಂದ್ ತೊಟ್ಟು ನಾಲ್ಗೆ ಮ್ಯಾಲೆ ಇಕ್ತೀವಿ. ಬಜೆ ಬೇರ್ನೇ ಬಾಯಿಗ್ ತುರುಕ್ತೀವಾ?"

"ಇಲ್ಲಮ್ಮ."

"ಎಷ್ಟ್ ಮಕ್ಳಪ್ಪ ನಿಂಗೆ?"

"ಇಬ್ರು."

"ದ್ಯಾವ್ರು ದೊಡ್ಡೋನು, ಆ ಮಕ್ಳ ನಿನ್ನೆಂಡ್ತಿ ಸಾಕವ್ಳೆ ಬುಡು."

ಮತ್ತೆ ನಗು. ಈ ಸಲ ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡಳು. ಆದರೂ ಬಂದ ಕೆಲಸ ಕೇಳಿದೆ: ಅಕ್ಕನ ಸರದಿ ಕೊನೆಗೆ ಹೋಗಬೇಕು, ಅವಳ ನಂತರದ ಆರು ಮನೆಯವರು ಒಂದೊಂದು ಸರದಿ ಮುಂದಕ್ಕೆ ಬರಬೇಕು.

"ಮುಂದಕ್ ಬರದೇನೂ ದೊಡ್ಡದಲ್ಲ" ಎಂದರು ಆ ಅಮ್ಮ. "ಕೊನೇ ಸರದಿ ಅಂದ್ರೆ ಏನು ಅಂತ ನಿಮ್ಮಕ್ಕುಂಗೆ ಗೊತ್ತು, ಕೇಳು. ತಮ್ ತಮ್ ಗದ್ದೆ ಆದ್ಮೇಲೆ ಒಬ್ಳಿಗೆ ತಲೆನೋವು, ಒಬ್ಳಿಗೆ ನೆಂಟ್ರು. ಓದ್ವರ್ಸ ಕೊನೇ ಗದ್ದೆಗೆ ಐದೇ ಜನ. ನಾ ಬಲವಂತ ಮಾಡಕಾಗಲ್ಲ."

ಅಲ್ಲಿ ನಿಂತೇ ನಾನು ಒಂದು ಮಾತು ಕೊಟ್ಟೆ. ಆ ಆರು ಮನೆಯ ಪೈರನ್ನು ಕಿತ್ತು, ಕಟ್ಟು ಕಟ್ಟಿ, ಗದ್ದೆಗೆ ಎಸೆದುಕೊಡುವ ಕೆಲಸ ನನ್ನದು. ಅವರವರ ಮನೆಯ ಗಂಡಸರು ಅವತ್ತು ಬರಬೇಕಾಗಿಲ್ಲ. ಆ ಅಮ್ಮ ಸಾಲಿನ ಕಡೆ ತಿರುಗಿ, "ಏನ್ರವ್ವಾ?" ಎಂದರು. ಒಬ್ಬಳು, "ನಮ್ಮೆಜಮಾನ್ರಿಗೆ ಖುಸಿಯೋ ಖುಸಿ, ಮಲಿಕ್ಕೊಂಡಿರ್ತರೆ" ಎಂದಳು. ಅದೇ ಒಪ್ಪಿಗೆ.

ಅಕ್ಕನದಾಗಿದ್ದ ದಿನದಿಂದ ದಿನ ಬಿಟ್ಟು ದಿನ, ಆರು ಬೆಳಗು, ನಸುಕಿನಲ್ಲೇ ಬೈಕ್ ಹತ್ತಿ ಹೋದೆ. ಮೊಣಕಾಲುದ್ದದ ತಣ್ಣನೆ ನೀರಿನಲ್ಲಿ ಕುಳಿತ ಹಾಗೆ ಬಗ್ಗಿ, ಹಿಡಿ ಹಿಡಿ ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ತೊಳೆದು ಕಟ್ಟುವುದು. ಬೇರೆಯವರ ಪೈರಿನ ಬೇರನ್ನು ನಾನು ಅಷ್ಟು ನೋಡಿದ್ದು ಅದೇ ಮೊದಲು. ಬರೀ ನೀರು ಕಂಡ ಭತ್ತ, ಎಷ್ಟು ಗಟ್ಟಿಯಾಗಿ ಮಣ್ಣು ಹಿಡಿದಿರುತ್ತದೆ ಎಂದರೆ ಬೆರಳಿನ ಸಂದಿಯಲ್ಲಿ ಗಾಯವಾಗುತ್ತದೆ. ಕೆಲವರು ನನಗೆ ಎರಡು ರೊಟ್ಟಿ ಕೊಟ್ಟರು, ಕೆಲವರು ಕೊಡಲಿಲ್ಲ. ಎರಡನೇ ದಿನಕ್ಕೆ 'ಡಾಕುಟ್ರು' ಎನ್ನುವುದು ನನ್ನ ಹೆಸರೇ ಆಯಿತು. "ಡಾಕುಟ್ರೇ, ಒಂದ್ ಕಟ್ಟು ಈ ಕಡೆ ಎಸೀರಿ." ಎಸೆದೆ.

ಅಕ್ಕನ ಕೊನೇ ಸರದಿಯ ದಿನ ನಮ್ಮ ಒಟ್ಲಿನಲ್ಲಿ ಪೈರು ಗೇಣಿಗಿಂತ ಸ್ವಲ್ಪ ಮೇಲಿತ್ತು. ಹೆಂಡತಿಯೂ ನಾನೂ ಟಾರ್ಚಿನ ಬೆಳಕಿನಲ್ಲೇ ಕೀಳಲು ಶುರು ಮಾಡಿದೆವು. ಗೂಡ್ಸ್ ಆಟೋ ಗದ್ದೆ ಹತ್ತಿರ ತಲುಪಿದಾಗ ನಾನು ಮೊದಲು ಮಾಡಿದ್ದು ಬದುವಿನ ಮೇಲಿದ್ದವರನ್ನು ಎಣಿಸಿದ್ದು. ಅಕ್ಕನನ್ನು ಸೇರಿಸಿ ಹನ್ನೊಂದು ಜನ. ಬಾರದವಳೊಬ್ಬಳಿಗೆ ನಿಜವಾಗಿಯೂ ಜ್ವರ ಬಂದಿತ್ತು, ಅವಳು ಮಗಳನ್ನು ಕಳಿಸಿ ಹೇಳಿಸಿದ್ದಳು.

ಸಂಜೆ ನಾಲ್ಕರ ಹೊತ್ತಿಗೆ ಗದ್ದೆಯೆಲ್ಲ ಹಸಿರಾಗಿ, ರಸ್ತೆ ಕಡೆಯ ಒಂದು ಮೂಲೆ ಉಳಿಯಿತು, ನಾಲ್ಕು ಚಾಪೆಯಗಲ. ಹೆಂಗಸರು ಸೊಂಟ ಹಿಡಿದುಕೊಂಡು ಬದು ಹತ್ತಿ ಕಾಲು ತೊಳೆಯಲು ಶುರು ಮಾಡಿದ್ದರು. ಆ ಮೂಲೆಗೆ ಹೊರಟ ಅಕ್ಕನನ್ನು ಆ ಅಮ್ಮ ತಡೆದರು.

"ನೀ ಬುಡವ್ವ. ಡಾಕುಟ್ರು ನೆಡ್ಲಿ."

"ನಂಗೆ ನಾಟಿ ಬರಲ್ಲಮ್ಮ" ಎಂದೆ. ನಮ್ಮ ಕಡೆ ಗಂಡಸರು ಪೈರು ಕೀಳುತ್ತಾರೆ, ಹೊರುತ್ತಾರೆ, ನೆಡುವುದಿಲ್ಲ.

"ಬೀಜ ಸಾಯ್ಸಕ್ ಬಂತಲ್ಲ, ನೆಡಕ್ಕೂ ಬತ್ತದೆ. ಇಳಿ."

ಇಳಿದೆ. ಮೂರ್ನಾಲ್ಕು ಎಸಳು ತೆಗೆದುಕೊಂಡು ಹೆಬ್ಬೆರಳಿನಿಂದ ಕೆಸರಿಗೆ ಒತ್ತಬೇಕು, ಜಾಸ್ತಿ ಆಳಕ್ಕೆ ಹೋಗಬಾರದು, ಹಿಂದಕ್ಕೆ ಹೆಜ್ಜೆ ಇಡಬೇಕು. ಕೇಳಿದರೆ ಸುಲಭ. ನನ್ನದು ಕೆಲವು ತೇಲಿದವು, ಕೆಲವು ಕತ್ತಿನವರೆಗೆ ಹೂತವು, ಸಾಲು ಹಾವು ಹೋದ ದಾರಿಯಾಯಿತು. ಹನ್ನೊಂದು ಜನವೂ ಬದುವಿನ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಂಡು ನೋಡಿದರು. ತೇಲಿದ್ದನ್ನು ಮತ್ತೆ ಒತ್ತಿ, ಎರಡು ಸಲ ಕೆಸರಿಗೆ ಮಂಡಿಯೂರಿ, ಕತ್ತಲಾಗುವ ಮುಂಚೆ ಮುಗಿಸಿದೆ.

ಆ ವರ್ಷ ಅಕ್ಕನ ಗದ್ದೆ ಊರಿನ ಬೇರೆ ಗದ್ದೆಗಳಿಗಿಂತ ಹತ್ತು ಹನ್ನೆರಡು ದಿನ ತಡವಾಗಿ ಕೊಯ್ಲಿಗೆ ಬಂತು. ಭತ್ತ ಎಂದಿನಷ್ಟೇ ಆಯಿತು. ರಸ್ತೆ ಕಡೆಯ ಆ ಮೂಲೆಯೊಂದು ಕೊಯ್ಯುವ ದಿನದವರೆಗೂ ಸೊಟ್ಟಗೆ ನಿಂತಿತ್ತು. ತಲಕಾಡಿನ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ, "ಇದ್ಯಾರವ್ವಾ ಇಂಗೆ ನೆಟ್ಟೋರು?" ಎಂದು ಕೇಳಿದರೆ, "ನನ್ ತಮ್ಮ" ಎಂದು ಅಕ್ಕ ಹೇಳುತ್ತಿದ್ದಳಂತೆ.